ಎಕರೆಗೆ ಒಂದೂವರೆ ರೂಪಾಯಿ

ಸಕಲೇಶಪುರದಲ್ಲಿ ನಮ್ಮಪ್ಪ ಪತ್ರ ಬರಹಗಾರರಾಗಿದ್ದರು, ಅವರ ನಂತರ ನಾನು. ಕ್ರಯಪತ್ರ, ವಿಭಾಗಪತ್ರ, ಭೋಗ್ಯಪತ್ರಗಳ ಜೊತೆಗೆ ನಮ್ಮ ಮೇಜಿಗೆ ತಪ್ಪದೆ ಬರುತ್ತಿದ್ದ ಇನ್ನೊಂದು ಕೆಲಸವೆಂದರೆ ಕಂದಾಯದ ತಕರಾರು ಅರ್ಜಿ. ಅಪ್ಪ ಬರೆದವುಗಳ ನಕಲು, ನಾನು ಬರೆದವುಗಳ ನಕಲು ಎರಡೂ ಕಟ್ಟು ಕಟ್ಟಿ ಇಟ್ಟಿದ್ದೇನೆ. ಓದುತ್ತ ಹೋದರೆ ಒಂದು ಸಂಗತಿ ಕಣ್ಣಿಗೆ ಕಟ್ಟುತ್ತದೆ. ಎಷ್ಟು ಹೆಚ್ಚಿಸಿದಿರಿ ಎಂದು ಕೇಳಿದವರು ಕಡಿಮೆ, ಯಾವುದನ್ನು ಅಳೆದು ಹೆಚ್ಚಿಸಿದಿರಿ ಎಂದು ಕೇಳಿದವರೇ ಹೆಚ್ಚು. ಈ ಪ್ರಶ್ನೆ ನಮ್ಮ ಪುರಸಭೆಗಿಂತ ಹಳೆಯದು. ಈ ಬೆಟ್ಟಗಳಿಗೆ ಕಾಫಿ ಬಂದ ಕಾಲದಿಂದಲೂ ಇದೆ.

ಆಗ ತಾಲ್ಲೂಕಿಗೆ ಮಂಜರಾಬಾದ್ ಎಂಬ ಹೆಸರು. 1792ರಲ್ಲಿ ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯ ಹೆಸರೇ ಸೀಮೆಗೂ ನಿಂತಿತ್ತು. ಫ್ರೆಡರಿಕ್ ಗ್ರೀನ್ ಎಂಬ ಯುರೋಪಿಯನ್ 1843ರಲ್ಲಿ ಇಲ್ಲಿ ತೋಟ ಹಾಕಿದ. ಅದಕ್ಕೂ ಮುಂಚೆ ನಮ್ಮ ರೈತರು ಹಿತ್ತಲಲ್ಲಿ, ಮನೆ ಸುತ್ತ ಕಾಫಿ ಬೆಳೆದುಕೊಂಡೇ ಇದ್ದರು. ಆಗ ಕಾಫಿ ಭೂಮಿಗೆ ಎಕರೆ ಲೆಕ್ಕದ ಕಂದಾಯವಿರಲಿಲ್ಲ, ಬೆಳೆಯ ಮೇಲೆ ಸುಂಕವಿತ್ತು. ಅದನ್ನು ಹಾಲತ್ ಎನ್ನುತ್ತಿದ್ದರು. ಮೊದಮೊದಲು ಸರ್ಕಾರ ಬೆಳೆಯಲ್ಲಿ ಅರ್ಧ ಪಾಲು ಕೇಳುತ್ತಿತ್ತು. ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದಾಗ ಅದು ಮಣಕ್ಕೆ 1 ರೂಪಾಯಿಗೆ ಬಂತು, ಆಮೇಲೆ ಇಳಿಯುತ್ತ ಇಳಿಯುತ್ತ 4 ಆಣೆಗೆ ನಿಂತಿತು. ಆ ಮಣವೆಂದರೆ 28 ಪೌಂಡ್. ಬೆಳೆ ಬಂದರೆ ಸುಂಕ, ಬರದಿದ್ದರೆ ಇಲ್ಲ. 1860ರ ದಶಕದಲ್ಲಿ ಬೋರರ್ ಹುಳು ಬಿದ್ದು ಗಿಡ ಒಣಗಿದಾಗ ಬೆಳೆಗಾರ ನಷ್ಟ ಅನುಭವಿಸಿದ, ಆದರೆ ಇಲ್ಲದ ಕಾಫಿಗೆ ಹಾಲತ್ ಕಟ್ಟಬೇಕಾಗಲಿಲ್ಲ. ಕಷ್ಟವಿದ್ದದ್ದು ಬೇರೆ ಕಡೆ. ತೂಕ ಮಾಡುವವನ ಕೈ, ಸುಂಕದ ಕಟ್ಟೆಯಲ್ಲಿ ಕಾಯುವ ಗಾಡಿ, ರಾತ್ರೋರಾತ್ರಿ ಗಡಿ ದಾಟುವ ಮೂಟೆ.

1885ರಲ್ಲಿ ಹಾಲತ್ ಹೋಯಿತು, ಎಕರೆ ಲೆಕ್ಕದ ಕಂದಾಯ ಬಂತು. ಆಗ ದಿವಾನರಾಗಿದ್ದವರು ಶೇಷಾದ್ರಿ ಅಯ್ಯರ್. ಆ ವರ್ಷದ ಏರ್ಪಾಡನ್ನು ನಾನು ಎಷ್ಟೋ ಕಕ್ಷಿದಾರರಿಗೆ ಹೇಳಿದ್ದೇನೆ, ಹೇಳಿದಾಗಲೆಲ್ಲ ಅವರು ಎರಡನೇ ಸಲ ಕೇಳಿದ್ದಾರೆ. ಬೆಳೆಗಾರನ ಮುಂದೆ ಎರಡು ದಾರಿ ಇಟ್ಟರು. ಎಕರೆಗೆ 1 ರೂಪಾಯಿ ಒಪ್ಪಿದರೆ 30 ವರ್ಷ ಮುಟ್ಟುವುದಿಲ್ಲ, ಆಮೇಲೆ ಮರುಬಂದೋಬಸ್ತು ಮಾಡಿ ಏರಿಸಬಹುದು. ಒಂದೂವರೆ ರೂಪಾಯಿ ಒಪ್ಪಿದರೆ ಅದೇ ಕಾಯಂ. ಅಂದರೆ ಮುಂದೆ ಕಂದಾಯ ಏರದಿರಲೆಂದು ಈಗಲೇ ಎಂಟಾಣೆ ಹೆಚ್ಚು ಕೊಡುವ ಅವಕಾಶ. ಕೈಯಲ್ಲಿ ದುಡ್ಡಿದ್ದವನಿಗೆ ಒಂದು ದಾರಿ, ಇಲ್ಲದವನಿಗೆ ಇನ್ನೊಂದು. ಯಾವುದನ್ನು ಹಿಡಿದರೂ ತನ್ನ ಮಗನ ಕಾಲಕ್ಕೆ ಏನಾಗಬಹುದು ಎಂಬುದು ಅವನಿಗೆ ಅವತ್ತೇ ಗೊತ್ತಿರುತ್ತಿತ್ತು.

ಆದರೆ ಒಂದು ರಕ್ಷಣೆ ಹೋಯಿತು. ಹಾಲತ್ ಅಳೆಯುತ್ತಿದ್ದದ್ದು ಕೈಗೆ ಬಂದದ್ದನ್ನು, ಎಕರೆ ಕಂದಾಯ ಅಳೆದದ್ದು ಹೆಸರಿನಲ್ಲಿ ಇದ್ದದ್ದನ್ನು. ಗಿಡ ಒಣಗಿದರೂ ಎಕರೆ ಎಕರೆಯೇ. ಇನ್ನು ಕಾಯಂ ಎಂದ ಮಾತು ಎಷ್ಟು ದಿನ ನಡೆಯಿತು? ರೂಪಾಯಿಯ ಬೆಲೆ ಬಿದ್ದು ಒಂದೂವರೆ ರೂಪಾಯಿ ಏನೂ ಅಲ್ಲದಂತಾದ ಮೇಲೆ ಸರ್ಕಾರ ಬೇರೆ ಬಾಗಿಲಿನಿಂದ ಬಂತು. 1957ರ ಕೃಷಿ ಆದಾಯ ತೆರಿಗೆ ಕಾಯ್ದೆ ತೋಟಗಾರನ ವರಮಾನಕ್ಕೇ ಕೈ ಹಾಕಿತು. ಅಪ್ಪ ತೋಟದ ರೈಟರುಗಳ ಲೆಕ್ಕದ ಪುಸ್ತಕ ನೋಡಿ ರಿಟರ್ನ್ ಬರೆದುಕೊಡಲು ಕಲಿತದ್ದು ಆ ಕಾಲದಲ್ಲಿ.

ಪೇಟೆಯ ಮನೆ ಮಳಿಗೆಗಳ ಕಥೆಯೂ ಇದೇ ಹಾದಿಯಲ್ಲಿ ನಡೆದಿದೆ, ಒಂದು ಶತಮಾನ ತಡವಾಗಿ. ಮೈಸೂರು ಸೀಮೆಯಲ್ಲಿ ಹಿಂದೆ ಮನೆ, ಅಂಗಡಿ, ಮಗ್ಗ, ಗಾಣಗಳ ಮೇಲೆ ಮೊಹತರ್ಫಾ ಎಂಬ ತೆರಿಗೆಯಿತ್ತು. ಪುರಸಭೆಗಳ ಕಾಲದಲ್ಲಿ, 1906ರ ರೆಗ್ಯುಲೇಷನ್ನು, 1933ರ ಮತ್ತು 1951ರ ಕಾಯ್ದೆಗಳು, ಕೊನೆಗೆ 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯವರೆಗೆ ಬಂದಾಗ, ಮನೆಗಂದಾಯಕ್ಕೆ ಆಧಾರ ಬಾಡಿಗೆಯೇ. ಕಟ್ಟಡ ವರ್ಷಕ್ಕೆ ಎಷ್ಟು ಬಾಡಿಗೆ ತರಬಹುದೋ ಅದರ ಮೇಲೆ ಕಂದಾಯ.

ಅಪ್ಪನ ಕಾಲದ ಅರ್ಜಿಗಳೆಲ್ಲ ಬಾಡಿಗೆಯ ಸುತ್ತಲೇ ಸುತ್ತುತ್ತವೆ. ಬಿಲ್ ಕಲೆಕ್ಟರ್ ಬಿ.ಎಂ. ರಸ್ತೆಯ ಅಂಗಡಿಗೆ ಬಂದು ಬಾಡಿಗೆ ಎಷ್ಟು ಎಂದು ಕೇಳಿದರೆ ಬಾಡಿಗೆದಾರ ಕಡಿಮೆ ಹೇಳುತ್ತಿದ್ದ, ಮಾಲೀಕನೂ ಕಡಿಮೆ ಹೇಳುತ್ತಿದ್ದ. ಇಬ್ಬರಿಗೂ ಅದೇ ಅನುಕೂಲ. ಒಂದು ಅರ್ಜಿಯಲ್ಲಿ ಅಪ್ಪ ಬರೆದ ವಾಕ್ಯಗಳು ಹೀಗಿವೆ: ಸದರಿ ಮಳಿಗೆಯ ಹಿಂಭಾಗದ ಗೋಡೆ ಮಳೆಗಾಲದಲ್ಲಿ ನೀರು ಜಿನುಗುವುದರಿಂದ ಅರ್ಧ ಭಾಗ ಉಪಯೋಗಕ್ಕೆ ಬರುವುದಿಲ್ಲ, ಹಂಚು ತಿರುಗಿಸಲು ವರ್ಷವರ್ಷವೂ ಖರ್ಚುಂಟು, ಹಾಲಿ ಬಾಡಿಗೆದಾರರು ಪೂರ್ವದಿಂದ ಇರುವವರಾದ್ದರಿಂದ ಹೆಚ್ಚು ಕೇಳಲು ಸಾಧ್ಯವಿಲ್ಲ. ಕೆಳಗೆ ಅಧಿಕಾರಿಯ ಷರಾ ಇದೆ, ಸ್ಥಳ ತನಿಖೆ ಮಾಡಲಾಗಿದೆ, ಕೊಂಚ ಕಡಿಮೆ ಮಾಡಿದೆ ಎಂದು. ಒಬ್ಬ ಮನುಷ್ಯ ಬಂದು ಗೋಡೆ ಮುಟ್ಟಿ ನೋಡಿದ್ದ.

ಆ ಪದ್ಧತಿ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂದ ಮೇಲೆ ಹಳೆಯ ಬಾಡಿಗೆಗಳು ಕಲ್ಲಾದವು. ದೆಹಲಿಯ ದಿವಾನ್ ದೌಲತ್ ರಾಯ್ ಕಪೂರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1979ರಲ್ಲಿ, ನಿಯಂತ್ರಿತ ಬಾಡಿಗೆಯನ್ನು ಮೀರಿ ಕಟ್ಟಡಕ್ಕೆ ಮೌಲ್ಯ ಕಟ್ಟಬಾರದು ಎಂದಿತು. ಪರಿಣಾಮವೆಂದರೆ ಹಳೇ ಪೇಟೆಯ ದೊಡ್ಡ ಕಟ್ಟಡ ಚಿಲ್ಲರೆ ಕಾಸು ಕಟ್ಟುತ್ತಿತ್ತು, ಸಾಲ ಮಾಡಿ ಹೊಸ ಬಡಾವಣೆಯಲ್ಲಿ ಎರಡು ಕೋಣೆ ಕಟ್ಟಿದ ಮೇಷ್ಟರು ಹೆಚ್ಚು ಕಟ್ಟುತ್ತಿದ್ದರು. ಇಷ್ಟೊಂದು ಮಳೆ ಬೀಳುವ ಊರಿಗೆ ಚರಂಡಿ ಬೇಕು, ಅದಕ್ಕೆ ದುಡ್ಡು ಬೇಕು. ಬದಲಾವಣೆ ಬೇಕಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

2001ರ ತಿದ್ದುಪಡಿಯಿಂದ ಅದು ಬಂತು, 2002ರ ಏಪ್ರಿಲ್ ಒಂದರಿಂದ ಜಾರಿಯಾಯಿತು. ಬಾಡಿಗೆ ಹೋಗಿ ಬಂಡವಾಳ ಮೌಲ್ಯ ಬಂತು. ನಿವೇಶನದ ಬೆಲೆ, ಕಟ್ಟಡ ಕಟ್ಟುವ ವೆಚ್ಚ, ಅದರಲ್ಲಿ ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಕಳೆದು, ಮಾಲೀಕರೇ ನಮೂನೆ ತುಂಬಿ ಕಟ್ಟಬೇಕು. ಬ್ಯಾಂಕಿನಲ್ಲಿ ಚಲನ್ ಕಟ್ಟಿ ಬಂದ ಹೆಂಗಸರು, ಬಿಲ್ ಕಲೆಕ್ಟರನ ಮರ್ಜಿ ಕಾಯುವುದು ತಪ್ಪಿತು ಎಂದು ನನ್ನ ಎದುರೇ ನಿಟ್ಟುಸಿರು ಬಿಟ್ಟಿದ್ದಾರೆ. 2005-06ರಿಂದ ಮೂರು ವರ್ಷಕ್ಕೊಮ್ಮೆ ಶೇ 15 ಏರಿಕೆ ಎಂದು ಕಾಯ್ದೆಯಲ್ಲೇ ಬರೆದಿತ್ತು. ಐದು ಸಲ ಏರಿದರೆ 100 ರೂಪಾಯಿ 201 ಆಗುತ್ತದೆ. ಭಾರವೇ, ಆದರೆ ಮುಂಚೆಯೇ ತಿಳಿದ ಭಾರ. 1885ರ 30 ವರ್ಷದ ಮಾತಿಗೆ ಇದು ಚಿಕ್ಕ ತಮ್ಮನ ಹಾಗಿತ್ತು.

2021-22ರಿಂದ ಆ ನಂಟೂ ಕಡಿಯಿತು. ಈಗ ಉಪ ನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ದರದಲ್ಲಿ ಶೇ 25 ಭಾಗಕ್ಕೆ ತೆರಿಗೆ. ದರ ಎಷ್ಟೆಂಬುದನ್ನು ಕಾಯ್ದೆಯ ಮಿತಿಯೊಳಗೆ ಸ್ಥಳೀಯ ಸಂಸ್ಥೆ ನಿಗದಿ ಮಾಡುತ್ತದೆ. ವಾಣಿಜ್ಯ ಕಟ್ಟಡಕ್ಕೆ ವಾಸದ ಮನೆಗಿಂತ ಹೆಚ್ಚು. ಮೇಲೆ ವರ್ಷವರ್ಷವೂ ಏರಿಕೆ. ಇದಲ್ಲದೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಉಪಕರಗಳು ಬೇರೆ.

ಲೆಕ್ಕಕ್ಕೆಂದು ಹೇಳುತ್ತೇನೆ. ಮಾರ್ಗಸೂಚಿಯಂತೆ 40 ಲಕ್ಷ ಬಾಳುವ ಮಳಿಗೆ. ಅದರ ಶೇ 25 ಅಂದರೆ 10 ಲಕ್ಷ. ಶೇ 1 ದರ ಹಾಕಿದರೆ 10,000 ರೂಪಾಯಿ ತೆರಿಗೆ, ಗ್ರಂಥಾಲಯ ಉಪಕರವೇ ಶೇ 6, ಅಂದರೆ 600. ಒಳಗೆ ಕೂತಿರುವವನು ಹಳೇ ಬಾಡಿಗೆದಾರ, ತಿಂಗಳಿಗೆ ಕೊಡುವುದು ಅಪ್ಪನ ಕಾಲದ ಮುಂಗಡಕ್ಕೆ ತಕ್ಕ ಬಾಡಿಗೆ. ಹಿಂದಿನ ಬಂಡವಾಳ ಮೌಲ್ಯದ ಕಾಲದಲ್ಲೂ ಇದೇ ಪಾಡು: 2015ರಲ್ಲಿ, ಮತ್ತೆ 2018ರಲ್ಲಿ ಕಾಂಕ್ರೀಟ್ ಹಾಕಲು ಶಿರಾಡಿ ಘಾಟಿ ತಿಂಗಳುಗಟ್ಟಲೆ ಮುಚ್ಚಿದಾಗ ಹೆದ್ದಾರಿ ಬದಿಯ ಹೋಟೆಲು, ಪಂಕ್ಚರ್ ಅಂಗಡಿ, ಲಾಡ್ಜುಗಳು ಖಾಲಿ ಬಿದ್ದವು. ಬಾಡಿಗೆ ಬಿಟ್ಟುಕೊಟ್ಟ ಮಾಲೀಕರು ನನಗೆ ಗೊತ್ತು. ಕಂದಾಯ ಬಿಟ್ಟುಕೊಡುವ ಕಲಂ ಹುಡುಕಿಕೊಡಿ ಎಂದು ಬಂದರು, ಕೊಡಲು ನನ್ನ ಬಳಿ ಇರಲಿಲ್ಲ. ಹಾಲತ್ ಕಾಲದ ಬೆಳೆಗಾರನಿಗಿದ್ದ ರಕ್ಷಣೆ ಇವರಿಗಿಲ್ಲ, 1885ರ ಬೆಳೆಗಾರನಿಗಿದ್ದ ಆಯ್ಕೆಯೂ ಇಲ್ಲ.

ಮನೆಯವರ ಪಾಡು ಇನ್ನೊಂದು ಬಗೆ. ಆಲೂರಿನಲ್ಲಿ ಗಂಡ ತೀರಿಕೊಂಡ ಒಬ್ಬ ಅಜ್ಜಿಯ ಮನೆ ನೆನಪಾಗುತ್ತದೆ. ಮಂಗಳೂರು ಹಂಚು, ಬೀಟೆ ಕಂಬದ ಜಗಲಿ, ಮನೆ ಚಿಕ್ಕದು, ಹಿತ್ತಲು ದೊಡ್ಡದು. ಕಟ್ಟಡಕ್ಕೆ ಸವಕಳಿ ಸಿಗುತ್ತದೆ, ಮಣ್ಣಿಗೆ ಸಿಗುವುದಿಲ್ಲ. ಬೆಂಗಳೂರಿನವರು ರೆಸಾರ್ಟಿಗೆ, ಹೋಮ್‌ಸ್ಟೇಗೆ ಎಂದು ಸುತ್ತಮುತ್ತ ಕೊಂಡ ಜಾಗದ ಬೆಲೆ ನೋಂದಣಿ ಕಚೇರಿಯಲ್ಲಿ ದಾಖಲಾಗಿ ದರ ಏರುತ್ತದೆ, ಆ ದರ ಇವರ ಹಿತ್ತಲಿಗೂ ಬಂದು ಕೂರುತ್ತದೆ. ‘ನಾನು ಮಾರೋದಿಲ್ಲ ಕಣಪ್ಪ, ಮಾರೋ ರೇಟು ನನಗ್ಯಾಕೆ?’ ಎಂದು ಅಜ್ಜಿ ಕೇಳಿದರು. ಕಾನೂನಿನಲ್ಲಿ ಅದಕ್ಕೆ ಉತ್ತರವಿದೆ, ನ್ಯಾಯದಲ್ಲಿದೆ ಎಂದು ನನಗೆ ಅನ್ನಿಸಲಿಲ್ಲ.

ಹಳೇ ತೆರಿಗೆ ಪಟ್ಟಿ ಪುರಸಭೆಯ ಗೋಡೆಗೆ ಅಂಟುತ್ತಿತ್ತು, ಜನ ಓದುತ್ತಿದ್ದರು, ತಕರಾರು ಹಾಕುತ್ತಿದ್ದರು. ಈಗ ತೆರಿಗೆಯ ಬುಡ ಮಾರ್ಗಸೂಚಿ ದರ. 2023ರ ಅಕ್ಟೋಬರ್ ಒಂದರಂದು ರಾಜ್ಯವಿಡೀ ಅದು ಪರಿಷ್ಕರಣೆಯಾಯಿತು. ಅದಕ್ಕೆ ಮುಂಚೆ ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯುವ ಪದ್ಧತಿ ಇದೆ. ಆ ಕರಡನ್ನು ನೋಡಲು ಬರುವವರು ನಿವೇಶನ ವ್ಯವಹಾರದವರು ಮತ್ತು ನನ್ನಂಥ ಪತ್ರ ಬರಹಗಾರರು. ಮನೆ ಮಾರುವ, ಕೊಳ್ಳುವ ಯೋಚನೆಯೇ ಇಲ್ಲದವರು ಅದು ತಮಗೆ ಸಂಬಂಧಿಸಿದ್ದಲ್ಲ ಎಂದುಕೊಂಡಿದ್ದಾರೆ. ಮುಂದಿನ ಸಲ ಕರಡು ಬಂದಾಗ ಸಕಲೇಶಪುರ, ಆಲೂರು ಎರಡೂ ಪೇಟೆಯ ಮನೆಯವರು, ಮಳಿಗೆಯವರು ಉಪ ನೋಂದಣಾಧಿಕಾರಿ ಕಚೇರಿಗೇ ಹೋಗಿ ತಮ್ಮ ರಸ್ತೆಯ ದರ ಓದಬೇಕು, ಅಲ್ಲೇ ಆಕ್ಷೇಪಣೆ ಕೊಡಬೇಕು. ಬರೆದುಕೊಡಲು ನಾನಿದ್ದೇನೆ. ಅರ್ಜಿಯ ಕೊನೆಯಲ್ಲಿ ಇನ್ನೊಂದು ಕೋರಿಕೆಯನ್ನೂ ಸೇರಿಸುತ್ತೇನೆ: ಸ್ವಂತ ಮನೆಯಲ್ಲಿ ತಾವೇ ವಾಸವಿರುವವರಿಗೆ ಒಂದು ವರ್ಷದ ದರವನ್ನು ಆಧಾರವಾಗಿ ಹಿಡಿದು, ಇಂತಿಷ್ಟು ವರ್ಷ ಅದನ್ನು ಬದಲಿಸುವುದಿಲ್ಲ ಎಂದು ಬರವಣಿಗೆಯಲ್ಲಿ ಕೊಡಿ. 1885ರಲ್ಲಿ ಕಾಫಿ ಬೆಳೆಗಾರನಿಗೆ ಸರ್ಕಾರ ಕೊಟ್ಟದ್ದು ಅದನ್ನೇ.