ಎತ್ತರಿಸಲಾದ ಜೀಪು ಮಾದರಿಯ ವಾಹನಗಳಲ್ಲಿ ಸಸ್ಪೆನ್ಷನ್ ಭಾಗಗಳ ಸರಿಹೊಂದಿಕೆ: ಮಾಲೀಕರಿಗೆ ಹಾಗೂ ಖರೀದಿದಾರರಿಗೆ ಮಾಹಿತಿ

1. ಪೀಠಿಕೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳಲ್ಲಿ ಜೀಪು, ಥಾರ್, ಜಿಪ್ಸಿ, ಗೂರ್ಖಾ ಮುಂತಾದ ವಾಹನಗಳನ್ನು ತೋಟದ ಹಾದಿಗಳಲ್ಲಿಯೂ ಹೆದ್ದಾರಿಗಳಲ್ಲಿಯೂ ಬಳಸಲಾಗುತ್ತದೆ. ಹಳ್ಳ-ದಿಣ್ಣೆಗಳಲ್ಲಿ ತಳ ತಗುಲದಿರಲೆಂದು ಕೆಲವು ಮಾಲೀಕರು ಸ್ಪ್ರಿಂಗ್ ಬದಲಾಯಿಸಿ ವಾಹನವನ್ನು ಎತ್ತರಿಸುತ್ತಾರೆ. ಶಿವಗಂಗೆಯ ತಪ್ಪಲಿನ ಮಣ್ಣಿನ ರಸ್ತೆಯಲ್ಲಿ ಅನುಕೂಲವೆನಿಸುವ ಈ ಎತ್ತರವು, ಅದೇ ವಾಹನವು ಡಾಬಸ್‌ಪೇಟೆಯಲ್ಲಿ ರಾಷ್ಟ್ರೀಯ ಹೆದ್ದಾರಿ 48ನ್ನು ಸೇರಿದ ಕೂಡಲೇ ಅಪಾಯಕ್ಕೆ ಕಾರಣವಾಗಬಹುದು. ಈ ಕುರಿತ ಕಾನೂನು ಹಾಗೂ ತಾಂತ್ರಿಕ ಅಂಶಗಳನ್ನು ಇಲ್ಲಿ ನೀಡಲಾಗಿದೆ.

2. ಕಾನೂನಿನ ಉಪಬಂಧಗಳು

(ಅ) ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52ರ ಪ್ರಕಾರ, ನೋಂದಣಿ ಪ್ರಮಾಣ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಮಾನ್ಯ ಸರ್ವೋಚ್ಚ ನ್ಯಾಯಾಲಯವು ಕೇರಳ ರಾಜ್ಯದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ ಇದನ್ನೇ ಎತ್ತಿಹಿಡಿದಿದೆ.

(ಆ) 2019ರ ತಿದ್ದುಪಡಿಯಿಂದ ಸೇರ್ಪಡೆಯಾದ ಪ್ರಕರಣ 182ಎ(4)ರಲ್ಲಿ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗಿನ ಕಾರಾವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ಜುಲ್ಮಾನೆ, ಅಥವಾ ಇವೆರಡನ್ನೂ ವಿಧಿಸಲು ಅವಕಾಶ ಕಲ್ಪಿಸಲಾಗಿದೆ.

(ಇ) ಸಾರ್ವಜನಿಕ ಸ್ಥಳದಲ್ಲಿ ಬಳಸಿದರೆ ಅಪಾಯವುಂಟಾಗುವ ಸ್ಥಿತಿಯಲ್ಲಿರುವ ವಾಹನದ ನೋಂದಣಿಯನ್ನು ಪ್ರಕರಣ 53ರಡಿ ಅಮಾನತಿನಲ್ಲಿಡಬಹುದಾಗಿದೆ.

3. ಎತ್ತರಿಸುವಿಕೆಯಿಂದ ಉಂಟಾಗುವ ಬದಲಾವಣೆಗಳು

ವಾಹನವನ್ನು ಎತ್ತರಿಸಿದಾಗ ಬದಲಾಗುವುದು ಸ್ಪ್ರಿಂಗ್ ಒಂದೇ ಅಲ್ಲ. ಹಳೆಯ ಎತ್ತರಕ್ಕೆ ಅಳೆದು ಜೋಡಿಸಲಾದ ಪ್ರತಿಯೊಂದು ಭಾಗದ ಕೋನವೂ ಬದಲಾಗುತ್ತದೆ.

(ಅ) ಕ್ಯಾಸ್ಟರ್ ಕೋನ: ಮುಂದಿನ ಚಕ್ರಗಳು ತಾವಾಗಿಯೇ ನೇರಕ್ಕೆ ಮರಳುವುದು ಈ ಕೋನದಿಂದ. ಆಕ್ಸಲ್ ತಿರುಗಿ ಈ ಕೋನ ಕಡಿಮೆಯಾದಲ್ಲಿ ಸ್ಟಿಯರಿಂಗ್ ಹಗುರವೆನಿಸಿ, ವೇಗದಲ್ಲಿ ವಾಹನವು ಅತ್ತಿತ್ತ ವಾಲುತ್ತದೆ.

(ಆ) ಟೋ ಮತ್ತು ಕ್ಯಾಂಬರ್: ಮುಂದಿನ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಇರುವ ಥಾರ್‌ನಲ್ಲಿ ಇವೆರಡೂ ಬದಲಾಗಿ ಟೈರಿನ ಒಂದು ಅಂಚು ಬೇಗ ಸವೆಯುತ್ತದೆ. ಜಿಪ್ಸಿಯಂತಹ ಇಡೀ ಆಕ್ಸಲ್‌ನ ವಾಹನಗಳಲ್ಲಿ ಟೋ ಬಹುಮಟ್ಟಿಗೆ ಹಾಗೆಯೇ ಉಳಿದರೂ ಡ್ರ್ಯಾಗ್ ಲಿಂಕ್ ಓರೆಯಾಗಿ ಸ್ಟಿಯರಿಂಗ್ ಚಕ್ರವು ಮಧ್ಯದಿಂದ ಸರಿಯುತ್ತದೆ.

(ಇ) ಪ್ಯಾನ್‌ಹಾರ್ಡ್ ರಾಡ್: ಕಾಯಿಲ್ ಸ್ಪ್ರಿಂಗ್ ಹಾಗೂ ಇಡೀ ಆಕ್ಸಲ್ ಇರುವ ವಾಹನಗಳಲ್ಲಿ, ಈ ರಾಡಿನ ಉದ್ದ ಹೊಂದದಿದ್ದರೆ ಆಕ್ಸಲ್ ಒಂದು ಬದಿಗೆ ಸರಿಯುತ್ತದೆ.

(ಈ) ಬ್ರೇಕ್: ಚಕ್ರವು ಪೂರ್ತಿ ಕೆಳಗಿಳಿದಾಗ ಮೂಲ ಬ್ರೇಕ್ ಹೋಸ್ ಬಿಗಿಯಾಗಿ ಎಳೆಯಲ್ಪಟ್ಟು ಹರಿಯಬಹುದು. ಹೊರೆಗನುಗುಣವಾಗಿ ಹಿಂದಿನ ಬ್ರೇಕಿನ ಒತ್ತಡ ನಿಯಂತ್ರಿಸುವ ಕವಾಟವಿರುವ ವಾಹನಗಳಲ್ಲಿ, ಹೆಚ್ಚಿದ ಎತ್ತರವನ್ನು ಕವಾಟವು ಖಾಲಿ ವಾಹನವೆಂದೇ ಪರಿಗಣಿಸಿ ಒತ್ತಡವನ್ನು ತಗ್ಗಿಸುತ್ತದೆ.

(ಉ) ಪ್ರೊಪೆಲ್ಲರ್ ಶಾಫ್ಟ್: ಕೋನ ಹೆಚ್ಚಾದಲ್ಲಿ ಕಂಪನ ಉಂಟಾಗಿ ಯೂನಿವರ್ಸಲ್ ಜಾಯಿಂಟ್ ಬೇಗ ಸವೆಯುತ್ತದೆ.

(ಊ) ಸ್ಪೀಡೋಮೀಟರ್: ಟೈರಿನ ವ್ಯಾಸ ಶೇ. 10ರಷ್ಟು ಹೆಚ್ಚಿದ್ದಲ್ಲಿ, ಸ್ಪೀಡೋಮೀಟರ್ 60 ಕಿ.ಮೀ. ತೋರಿಸುವಾಗ ನಿಜವಾದ ವೇಗ ಸುಮಾರು 66 ಕಿ.ಮೀ. ಆಗಿರುತ್ತದೆ.

ಇವೆಲ್ಲವನ್ನೂ ಸರಿಹೊಂದಿಸಿದರೂ ವಾಹನದ ಗುರುತ್ವ ಕೇಂದ್ರವು ಮೇಲೆಯೇ ಉಳಿಯುತ್ತದೆ. ಆದುದರಿಂದ ತಿರುವುಗಳಲ್ಲಿ ಮಗುಚುವ ಸಾಧ್ಯತೆ ಹೆಚ್ಚು. ಇದನ್ನು ವ್ಹೀಲ್ ಅಲೈನ್‌ಮೆಂಟ್‌ನಿಂದ ನಿವಾರಿಸಲಾಗದು.

4. ಮೂಲ ಸ್ಥಿತಿಗೆ ತರುವಾಗ ಅನುಸರಿಸಬೇಕಾದ ಕ್ರಮ

ಸ್ಪ್ರಿಂಗ್ ಒಂದನ್ನೇ ಮೊದಲಿನಂತೆ ಮಾಡಿದರೆ ಸಾಲದು. ಎತ್ತರಿಸುವಾಗ ಸೇರಿಸಲಾದ ಓರೆ ಶಿಮ್, ಉದ್ದನೆಯ ಶ್ಯಾಕಲ್ ಅಥವಾ ಬ್ರ್ಯಾಕೆಟ್ ಉಳಿದುಕೊಂಡಲ್ಲಿ ಕೋನಗಳು ವಿರುದ್ಧ ದಿಕ್ಕಿನಲ್ಲಿ ತಪ್ಪುತ್ತವೆ. ಆದುದರಿಂದ:

(1) ಸ್ಪ್ರಿಂಗ್, ಶ್ಯಾಕಲ್, ಶಾಕ್ ಅಬ್ಸಾರ್ಬರ್, ರಾಡ್ ಹಾಗೂ ಟೈರ್‌ಗಳನ್ನು ತಯಾರಕರ ಅಳತೆಯವುಗಳಿಗೇ ಬದಲಾಯಿಸುವುದು.
(2) ಬುಷ್‌ಗಳ ಬೋಲ್ಟ್‌ಗಳನ್ನು ವಾಹನದ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಅಂತಿಮವಾಗಿ ಬಿಗಿಗೊಳಿಸುವುದು. ಜಾಕಿನ ಮೇಲಿರುವಾಗ ಬಿಗಿಗೊಳಿಸಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.
(3) ತದನಂತರ ವ್ಹೀಲ್ ಅಲೈನ್‌ಮೆಂಟ್ ಮಾಡಿಸಿ, ಅಳತೆಗಳ ಮುದ್ರಿತ ವರದಿಯನ್ನು ಪಡೆಯುವುದು.
(4) ಹೆಡ್‌ಲೈಟ್‌ಗಳ ದಿಕ್ಕನ್ನು ಪುನಃ ಹೊಂದಿಸುವುದು.
(5) ಕೆಲವು ನೂರು ಕಿ.ಮೀ. ಓಡಿಸಿದ ಬಳಿಕ ಯು-ಬೋಲ್ಟ್‌ಗಳ ಬಿಗಿಯನ್ನು ಮರುಪರಿಶೀಲಿಸುವುದು.

5. ಹಳೆಯ ವಾಹನ ಖರೀದಿಸುವವರ ಗಮನಕ್ಕೆ

ಹಿಂದಿನ ಮಾಲೀಕರು ಮಾಡಿಸಿದ ಮಾರ್ಪಾಡಿನ ತೊಡಕು ಖರೀದಿದಾರರ ಪಾಲಿಗೆ ಬರಬಹುದು. ಹದಿನೈದು ವರ್ಷಗಳ ನಂತರ ನೋಂದಣಿ ನವೀಕರಣಕ್ಕೆ ಹಾಜರುಪಡಿಸಿದಾಗಲಾಗಲೀ, ಅಪಘಾತದ ನಂತರ ವಿಮಾ ಪರಿಹಾರ ಕೋರಿದಾಗಲಾಗಲೀ ಆಕ್ಷೇಪಣೆ ಉದ್ಭವಿಸಬಹುದು. ಆದ್ದರಿಂದ ಹಣ ಪಾವತಿಸುವ ಮುನ್ನ ಟೈರಿನ ಅಳತೆಯನ್ನು ತಯಾರಕರ ಕೈಪಿಡಿಯೊಂದಿಗೆ ಹೋಲಿಸಿ, ವಾಹನವನ್ನು ಗುಂಡಿಯ ಮೇಲೆ ನಿಲ್ಲಿಸಿ ತಳಭಾಗವನ್ನು ಪರಿಶೀಲಿಸುವುದು ಸೂಕ್ತ. ಸಮತಟ್ಟಾದ ರಸ್ತೆಯಲ್ಲಿ ಸ್ಟಿಯರಿಂಗ್ ತಾನಾಗಿಯೇ ನೇರಕ್ಕೆ ಮರಳದಿದ್ದಲ್ಲಿ ಕಾರಣವನ್ನು ಅರಿಯದೆ ಖರೀದಿಸಬಾರದು.

6. ಹೆಚ್ಚಿನ ಮಾಹಿತಿ

ಮಾರ್ಪಾಡಿಗೆ ಅನುಮತಿಯಿದೆಯೇ ಎಂಬ ಸಂದೇಹವಿದ್ದಲ್ಲಿ, ಕೆಲಸ ಮಾಡಿಸುವ ಮುನ್ನವೇ ವಾಹನ ನೋಂದಣಿಯಾಗಿರುವ ಸಾರಿಗೆ ಕಚೇರಿಯಲ್ಲಿ ನೋಂದಣಿ ಪ್ರಮಾಣ ಪತ್ರದೊಂದಿಗೆ ವಿಚಾರಿಸುವುದು. ಗ್ಯಾರೇಜಿನವರು ನೀಡುವ ಭರವಸೆಯು ಇಂತಹ ಅನುಮತಿಗೆ ಬದಲಿಯಾಗುವುದಿಲ್ಲ.