ಯಂತ್ರಕ್ಕೂ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂದರೆ ಏನೆಂಬುದನ್ನು ನಮ್ಮ ಜನಕ್ಕೆ ಹೇಳಿಕೊಡಬೇಕಾಗಿಲ್ಲ. ಬಿರುಕು ಬಿಟ್ಟ ಗುಡಿಯ ಗೋಡೆಯನ್ನು ನಿಲ್ಲಿಸುತ್ತೇವೆ, ಸೋರುವ ಮಾಡನ್ನು ಮುಚ್ಚುತ್ತೇವೆ. ಆದರೆ ಅದೇ ಉತ್ಸಾಹದಲ್ಲಿ ಬಾಗಿಲ ಪಕ್ಕದ ಶಾಸನಕ್ಕೂ ಸುಣ್ಣ ಬಳಿದುಬಿಡುವುದುಂಟು. ಆಗ ಗುಡಿ ಉಳಿಯುತ್ತದೆ. ಅದರ ಮಾತು ಅಡಗುತ್ತದೆ. ಹಳೆಯ ಯಂತ್ರಗಳಿಗೂ ಈ ಮಾತು ಸಲ್ಲುತ್ತದೆಂದರೆ ಕೆಲವರಿಗೆ ಅತಿಯೆನಿಸೀತು. ದೋಣಿಯ ಹಿಂಬದಿಗೆ ತಗುಲಿಸುವ ಒಂದು ಸಣ್ಣ ಮೋಟಾರನ್ನು ನಿದರ್ಶನವಾಗಿ ತೆಗೆದುಕೊಂಡು ಇದನ್ನು ವಿವರಿಸಲು ಯತ್ನಿಸುತ್ತೇನೆ.

ದೋಣಿಯೊಳಗೆ ಎಂಜಿನ್ನನ್ನು ಶಾಶ್ವತವಾಗಿ ಕೂರಿಸುವುದು ಒಂದು ಬಗೆ. ಬೇಕಾದಾಗ ಹಿಂದಿನ ಹಲಗೆಗೆ ಬಿಗಿದು, ಬೇಡವಾದಾಗ ಕಳಚಿ ಮನೆಗೆ ಹೊತ್ತು ತರುವುದು ಇನ್ನೊಂದು ಬಗೆ. ಎರಡನೆಯದನ್ನೇ ಔಟ್‌ಬೋರ್ಡ್ ಮೋಟಾರ್ ಎನ್ನುತ್ತಾರೆ. 1881ರಲ್ಲಿಯೇ ಗುಸ್ತಾವ್ ತ್ರೂವೆ ಎಂಬ ಫ್ರೆಂಚ್ ಶೋಧಕ ಪ್ಯಾರಿಸ್ಸಿನ ಸೀನ್ ನದಿಯಲ್ಲಿ ಇಂಥದೊಂದು ವಿದ್ಯುತ್ ಮೋಟಾರಿನಿಂದ ದೋಣಿ ನಡೆಸಿ ತೋರಿಸಿದ. ಪೆಟ್ರೋಲಿನ ಮೋಟಾರನ್ನು ಸಾಮಾನ್ಯರ ಕೈಗೆ ಮುಟ್ಟಿಸಿದವರಲ್ಲಿ ಮುಖ್ಯನಾದವನು ಓಲೆ ಎವಿನ್‌ರೂಡ್. 1877ರಲ್ಲಿ ನಾರ್ವೆಯಲ್ಲಿ ಹುಟ್ಟಿ ಚಿಕ್ಕಂದಿನಲ್ಲಿಯೇ ಅಮೆರಿಕಕ್ಕೆ ಹೋದ ಈತ, 1909ರಲ್ಲಿ ಮಿಲ್ವಾಕಿ ನಗರದಿಂದ ತನ್ನ ಮೋಟಾರನ್ನು ಮಾರಾಟಕ್ಕೆ ತಂದ. ಅದರ ಶಕ್ತಿ 1.5 ಅಶ್ವಶಕ್ತಿ, ತೂಕ 62 ಪೌಂಡು. ಮುಂದೆ ಮಡದಿಯಾಗಲಿದ್ದ ಬೆಸ್ ಆಸೆಪಟ್ಟಳೆಂದು ಸುಡುಬಿಸಿಲಿನಲ್ಲಿ ಹುಟ್ಟು ಹಾಕಿಕೊಂಡು ಹೋಗಿ, ಐಸ್‌ಕ್ರೀಮು ಕರಗಿದ ಮೇಲೆ ಆತ ದಡ ಸೇರಿದನೆಂಬ ಕಥೆ ಪ್ರಸಿದ್ಧವಾಗಿದೆ. ಹುಟ್ಟುಗಳನ್ನು ಬಿಸುಡಿರೆಂದು ಜನಕ್ಕೆ ಕರೆಕೊಟ್ಟ ಜಾಹೀರಾತನ್ನು ಬರೆದವಳೂ ಆ ಬೆಸ್ಸಳೇ.

ಇಂಗ್ಲೆಂಡಿನಲ್ಲಿ ಈ ವಂಶದ ಹೆಸರಾಂತ ಕುಡಿ ಸೀಗಲ್. 1931ರಲ್ಲಿ ವುಲ್ವರ್‌ಹ್ಯಾಂಪ್ಟನ್ನಿನ ಮಾರ್ಸ್ಟನ್ ಕಾರ್ಖಾನೆಯಲ್ಲಿ ಹುಟ್ಟಿ, ಮುಂದೆ ಡಾರ್ಸೆಟ್ ಕರಾವಳಿಯ ಪೂಲ್ ಪಟ್ಟಣದಲ್ಲಿ ಬೆಳೆಯಿತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ದೋಣಿಗಳನ್ನೂ ದೂಡಿತು. ಒಂದೇ ಸಿಲಿಂಡರು, ಮೇಲೊಂದು ಪೆಟ್ರೋಲ್ ಡಬ್ಬ, ಹಗ್ಗ ಸುತ್ತಿ ಎಳೆದರೆ ಹೊತ್ತಿಕೊಳ್ಳುವ ಎಂಜಿನ್. ಕೆಳಗಿನ ಪಂಖಕ್ಕೆ ಕಲ್ಲು ತಗುಲಿದರೆ ಪೆಟ್ಟನ್ನು ತಾಳಿಕೊಳ್ಳಲು ಒಂದು ಸುರುಳಿ ಸ್ಪ್ರಿಂಗು. ಸೊಗಸಿಗಿಂತ ಬಾಳಿಕೆಯೇ ದೊಡ್ಡದೆಂದು ನಂಬಿದವರ ಕೆಲಸ ಅದು.

ದಕ್ಷಿಣ ಇಂಗ್ಲೆಂಡಿನಲ್ಲಿ ನಾನಿದ್ದ ವರ್ಷಗಳಲ್ಲಿ ಇಂಥದೊಂದು ಸೀಗಲ್ ನನ್ನ ಪಾಲಿಗೆ ಬಂತು. ಯಾವುದೋ ಕೊಟ್ಟಿಗೆಯಲ್ಲಿ ದಶಕಗಳ ಕಾಲ ಬಿದ್ದಿದ್ದ ಅದರ ಹಿತ್ತಾಳೆಯ ಡಬ್ಬಕ್ಕೆ ಕಿಲುಬು ಹಿಡಿದಿತ್ತು, ಪಿಸ್ಟನ್ ಸಿಲಿಂಡರನ್ನು ಕಚ್ಚಿಕೊಂಡಿತ್ತು. ಇಂಥ ಸಂದರ್ಭದಲ್ಲಿ ಸುತ್ತಿಗೆ ಕೆಟ್ಟ ಸಲಹೆಗಾರ. ತೆಳುವಾದ ಎಣ್ಣೆ ಬಿಟ್ಟು ಕಾದೆ. ನಾಲ್ಕನೆಯ ದಿನ ಅದು ಕೂದಲೆಳೆಯಷ್ಟು ಅಲುಗಿತು. ಫ್ಲೈವೀಲಿನ ಕೆಳಗೆ ಕಿಡಿ ಹುಟ್ಟಿಸುವ ಪಾಯಿಂಟುಗಳನ್ನು ಉಜ್ಜಿದೆ. ಕೆಟ್ಟ ಕಂಡೆನ್ಸರನ್ನೂ ಸೀಳಿಹೋದ ತಂತಿಯನ್ನೂ ಹೊಸದಕ್ಕೆ ಬದಲಾಯಿಸಿದೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಆರಿ ಅರಗಿನಂತಾಗಿತ್ತು. ತಂಪು ನೀರು ಹರಿಯುವ ದಾರಿಯಲ್ಲಿ ಉಪ್ಪೂ ಮರಳೂ ಗಟ್ಟಿಯಾಗಿ ಕೂತಿದ್ದವು. ಇವೆಲ್ಲ ತಾಳ್ಮೆಯ ಕೆಲಸವೇ ಹೊರತು ಸಂದೇಹದ ಕೆಲಸವಲ್ಲ.

ಸಂದೇಹ ಹುಟ್ಟಿದ್ದು ಬೇರೆ ಕಡೆ. ಡಬ್ಬದ ಅಡಿಯಲ್ಲಿ ಯಾರೋ ಒರಟಾಗಿ ಬೆಸುಗೆ ಹಾಕಿದ್ದರು. ಕಳೆದುಹೋದ ಒಂದು ತಿರುಪಿನ ಜಾಗದಲ್ಲಿ ಅರದಿಂದ ಉಜ್ಜಿ ಮಾಡಿದ ತಿರುಪು ಕೂತಿತ್ತು. ಹಿಡಿಯ ಬಣ್ಣ ಹೆಬ್ಬೆರಳಿನ ಜಾಗದಲ್ಲಿ ಮಾತ್ರ ಸವೆದಿತ್ತು. ಇವನ್ನು ಅಳಿಸಿ, ಮೆರುಗು ಕೊಟ್ಟು, ಅಂಗಡಿಯಿಂದ ಆಗತಾನೆ ಬಂದಂತೆ ಮಾಡಬಹುದಾಗಿತ್ತು. ಹಾಗೆ ಮಾಡುವ ನಿಪುಣರನ್ನು ನಾನು ಬಲ್ಲೆ; ಅವರ ಕೈಚಳಕಕ್ಕೆ ತಲೆಬಾಗುತ್ತೇನೆ. ಆದರೂ ನನ್ನ ಕೈ ಏಳಲಿಲ್ಲ. ಮೋಟಾರಿನ ಮೇಲೆ ಕೊರೆದ ಅಂಕೆಯಿಂದ ಅದರ ಮಾದರಿ ಯಾವುದೆಂದು ತಿಳಿಯಬಹುದು. ಆದರೆ ಅದನ್ನು ನೆಚ್ಚಿ ನೀರಿಗಿಳಿದವರ ಬಾಳು ಯಾವ ಕಡತದಲ್ಲಿಯೂ ಇಲ್ಲ. ಬಿಡಿಭಾಗಕ್ಕಾಗಿ ಕಾಯಲಾರದೆ ಅರ ಹಿಡಿದು ಕೂತ ಒಬ್ಬ ಅನಾಮಿಕನಿಗೆ ಆ ವಕ್ರ ತಿರುಪೇ ಶಾಸನ.

ಕಾರ್ಖಾನೆಗಳಾದರೋ ಮುಚ್ಚಿವೆ. ಪೂಲಿನ ಸೀಗಲ್ ತಯಾರಿಕೆ 1990ರ ದಶಕದಲ್ಲಿ ನಿಂತಿತು. ಎವಿನ್‌ರೂಡ್ ಹೆಸರಿನ ಮೋಟಾರುಗಳ ತಯಾರಿಕೆಯೂ 2020ರಲ್ಲಿ ಕೊನೆಗೊಂಡಿತು. ಆದ್ದರಿಂದ ನಾನೊಂದು ನಿಯಮ ಮಾಡಿಕೊಂಡೆ: ಓಟಕ್ಕೆ ಅಡ್ಡಿಯಾದುದನ್ನು ಬದಲಾಯಿಸತಕ್ಕದ್ದು, ತೆಗೆದ ಭಾಗವನ್ನು ಚೀಟಿ ಕಟ್ಟಿ ಇಡತಕ್ಕದ್ದು, ಕಣ್ಣಿಗೆ ಮಾತ್ರ ಒಗ್ಗದುದನ್ನು ಮುಟ್ಟಬಾರದು. ಬೆಸುಗೆ ಸೋರುತ್ತಿರಲಿಲ್ಲ, ಉಳಿಯಿತು. ತಿರುಪೂ ಉಳಿಯಿತು.

ಇನ್ನೊಂದು ಮಾತನ್ನೂ ಹೇಳದಿದ್ದರೆ ನ್ಯಾಯವಾಗದು. ಹಳೆಯ ಸೀಗಲ್‌ಗೆ ಹತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಬೆರೆಸಬೇಕು. ಕಂಚಿನ ಬೇರಿಂಗುಗಳಿಗೆ ಆ ಎಣ್ಣೆಯೇ ಜೀವ. ಆದರೆ ಉರಿಯದೆ ಉಳಿದ ಎಣ್ಣೆ ಹೊಗೆಯೊಡನೆ ನೀರಿಗೆ ಸೇರಿ ಕಾಮನಬಿಲ್ಲಿನಂತೆ ಹರಡುತ್ತದೆ. ನೋಡಲು ಚೆಂದ, ಮೀನಿಗೆ ವಿಷ. ಗತಕಾಲದ ಮೇಲಿನ ಪ್ರೀತಿಗಾಗಿ ಇಂದಿನ ಹೊಳೆಯನ್ನು ಕೆಡಿಸುವ ಹಕ್ಕು ನಮಗಿಲ್ಲ. ಉಳಿಸುವುದು ಬೇರೆ, ಬಳಸುವುದು ಬೇರೆ. ನನ್ನ ಮೋಟಾರು ಓಡುತ್ತದೆ. ಓಡುವುದು ಮಾತ್ರ ಅಂಗಳದ ನೀರಿನ ಪೀಪಾಯಿಯಲ್ಲಿ, ವರ್ಷಕ್ಕೊಮ್ಮೆ, ಐದು ನಿಮಿಷ. ಅದರ ದನಿ ಹೇಗಿತ್ತೆಂದು ಮುಂದಿನವರಿಗೆ ತಿಳಿಯಲು ಅಷ್ಟು ಸಾಕು. ಉಳಿದುದನ್ನು ಆ ತಿರುಪು ಹೇಳುತ್ತದೆ.