ಎಂಜಿನ್ ನಿಯಂತ್ರಕದ ಚಿಪ್: ಆಯ್ಕೆಯ ಐದು ದಶಕಗಳು

ಅಬ್ಬೆತುಮಕೂರಿನ ವಿಶ್ವಾರಾಧ್ಯ ಮಠಕ್ಕೆ ಯಾದಗಿರಿಯ ಸುಡುಬಿಸಿಲಿನಲ್ಲಿ ಭಕ್ತರನ್ನು ಹೊತ್ತುತರುವ ಇಂದಿನ ಕಾರುಗಳಲ್ಲಿ, ಎಷ್ಟು ಇಂಧನ ಸಿಂಪಡಿಸಬೇಕು, ಯಾವ ಕ್ಷಣಕ್ಕೆ ಕಿಡಿ ಹಾರಬೇಕು ಎಂಬುದನ್ನು ನಿರ್ಣಯಿಸುವುದು ಇಸಿಯು ಎಂಬ ಎಂಜಿನ್ ನಿಯಂತ್ರಕ ಪೆಟ್ಟಿಗೆಯೊಳಗಿನ ಮೈಕ್ರೋಕಂಟ್ರೋಲರ್ ಚಿಪ್. ಅದರ ಆಯ್ಕೆಯ ಇತಿಹಾಸವನ್ನು ಅವಲೋಕಿಸಿದರೆ, ಅದನ್ನು ಮುನ್ನಡೆಸಿದುದು ವೇಗದ ಹಂಬಲಕ್ಕಿಂತಲೂ ಹೊಗೆಯನ್ನು ನಿಗ್ರಹಿಸುವ ಶಾಸನವೆಂಬುದು ವಿದಿತವಾಗುತ್ತದೆ.

1967ರಲ್ಲಿ ಬಾಷ್ ಸಂಸ್ಥೆ ಫೋಕ್ಸ್‌ವ್ಯಾಗನ್ ಕಾರಿಗೆ ಅಳವಡಿಸಿದ ಡಿ-ಜೆಟ್ರಾನಿಕ್ ಎಂಬ ಇಂಧನ ಸಿಂಪಡಣೆಯ ನಿಯಂತ್ರಕ ಕೇವಲ ಟ್ರಾನ್ಸಿಸ್ಟರುಗಳ ಮಂಡಲವಾಗಿದ್ದಿತು. 1970ರ ಅಮೆರಿಕದ ವಾಯುಶುದ್ಧಿ ಕಾಯಿದೆ ಹೊಗೆಯ ಮಿತಿಯನ್ನು ಬಿಗಿಗೊಳಿಸಲಾಗಿ, 1973ರ ವೇಳೆಗೆ ತೋಶಿಬಾ ಫೋರ್ಡ್ ಕಂಪನಿಗಾಗಿ 12 ಬಿಟ್ಟಿನ ಪ್ರೊಸೆಸರನ್ನು ರೂಪಿಸಿತು. 1979ರ ಮೋಟ್ರಾನಿಕ್ ವ್ಯವಸ್ಥೆಯು ಇಂಧನವನ್ನೂ ಕಿಡಿಯನ್ನೂ ಒಂದೇ ಲೆಕ್ಕಾಚಾರಕ್ಕೆ ಅಧೀನಗೊಳಿಸಿತು. 1980ರ ದಶಕದ ಆದಿಯಲ್ಲಿ ಫೋರ್ಡ್ ತನ್ನ ನಾಲ್ಕನೆಯ ಪೀಳಿಗೆಯ ನಿಯಂತ್ರಕಕ್ಕೆ ಇಂಟೆಲ್ಲಿನ 8061ನ್ನು ವರಿಸಿತು.

ಗಣಿತದ ಶಕ್ತಿಯೊಂದೇ ಸಾಲದೆಂಬುದು ಆಗಲೇ ಸ್ಪಷ್ಟವಾಗಿದ್ದಿತು. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದು ಸುತ್ತಿಗೆ 10 ಮಿಲಿಸೆಕೆಂಡು, ಒಂದು ಡಿಗ್ರಿಗೆ ಸುಮಾರು 28 ಮೈಕ್ರೋಸೆಕೆಂಡು. 60 ಹಲ್ಲುಗಳ ಸ್ಥಾನದಲ್ಲಿ ಎರಡನ್ನು ಕೈಬಿಟ್ಟ ಕ್ರ್ಯಾಂಕ್ ಚಕ್ರದ ಖಾಲಿಜಾಗವನ್ನು ಗುರುತಿಸಿ, ಉಳಿದ 58 ಹಲ್ಲುಗಳನ್ನು ತಪ್ಪದೆ ಎಣಿಸುತ್ತಿರುವಾಗ ಬೇರೆ ಲೆಕ್ಕದ ನೆಪದಿಂದ ಕ್ಷಣವೂ ವಿಳಂಬಿಸಲಾಗದು. ಆದುದರಿಂದಲೇ ಮೋಟೊರೋಲಾದ 68332ರಲ್ಲಿ ಈ ಕಾಲಗಣನೆಗೆಂದೇ ಹದಿನಾರು ಮಾರ್ಗಗಳುಳ್ಳ ಪ್ರತ್ಯೇಕ ಘಟಕವನ್ನು ಇರಿಸಲಾಯಿತು. ಮುಂದೆ ಸೀಮೆನ್ಸ್‌ನ C167, ತರುವಾಯ ಇನ್ಫಿನಿಯಾನ್‌ನ ಟ್ರೈಕೋರ್ ಅದೇ ದಾರಿಯನ್ನು ವಿಸ್ತರಿಸಿದವು.

ಬಿಸಿಯು ಮತ್ತೊಂದು ನಿರ್ಣಾಯಕ ಒರೆಗಲ್ಲು. ಎಂಜಿನ್ನಿನ ಬಳಿಯ ಚಿಪ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಶೀತದಿಂದ 125 ಡಿಗ್ರಿ ಸೆಲ್ಸಿಯಸ್‌ವರೆಗೆ ದುಡಿಯಬೇಕೆಂಬುದು ರೂಢಿಯ ಅರ್ಹತಾಮಾನ; ಫೋನಿನ ಪ್ರೊಸೆಸರು ಎಷ್ಟೇ ಚುರುಕಾದರೂ ಇಲ್ಲಿ ನಿಲ್ಲದು. 2011ರಲ್ಲಿ ಐಎಸ್ಒ 26262 ಸುರಕ್ಷಾಮಾನ ಪ್ರಕಟವಾದ ಮೇಲೆ, ಒಂದೇ ಆದೇಶವನ್ನು ಎರಡು ಕೋರುಗಳು ನಡೆಸಿ ಫಲಿತಾಂಶವನ್ನು ಪರಸ್ಪರ ತಾಳೆ ನೋಡುವ ಚಿಪ್‌ಗಳಿಗೆ ಪ್ರಾಶಸ್ತ್ಯ ದೊರೆಯಿತು.

ಕರ್ನಾಟಕದಲ್ಲಿ ಈ ವಿದ್ಯೆಯ ಪೂರ್ವಪೀಠಿಕೆ 1951ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮೈಕೋ. ಡೀಸೆಲ್ ಪಂಪು, ಸ್ಪಾರ್ಕ್ ಪ್ಲಗ್ಗುಗಳಿಂದ ಆರಂಭಿಸಿದ ಆ ಕಂಪನಿ ಇಂದು ಬಾಷ್ ಲಿಮಿಟೆಡ್. ಇಸಿಯುವಿನ ತಂತ್ರಾಂಶ ಬರೆಯುವ ಎಂಜಿನಿಯರುಗಳ ದೊಡ್ಡ ಸಮುದಾಯವೂ ಅದೇ ನಗರದಲ್ಲಿ ಬೆಳೆದಿದೆ. ದೇಶದ ಕಾರುಗಳಲ್ಲಿ 2000ದ ಸುಮಾರಿಗೆ ಕಾರ್ಬುರೇಟರ್ ಹಿಂದೆ ಸರಿಯಿತು. 2020ರ ಏಪ್ರಿಲ್ 1ರಂದು ವಾಹನಗಳ ಹೊಗೆಗೆ ಬಿಎಸ್-6 ಮಾನದಂಡ ಜಾರಿಗೆ ಬಂದಿತು. 2023ರಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೂ ಬಿಗಿಯಾದ ಹೊಗೆ ನಿಯಮ ಅನ್ವಯಿಸಿದ್ದರಿಂದ, ಹತ್ತಿ-ತೊಗರಿಯ ಹೊಲಗಳಿಗೂ ಎಲೆಕ್ಟ್ರಾನಿಕ್ ನಿಯಂತ್ರಣ ಕಾಲಿಟ್ಟಿತು.

2021ರ ಚಿಪ್ ಅಭಾವವಾದರೋ ಇನ್ನೊಂದು ಪ್ರಶ್ನೆಯನ್ನು ಮುಂದಿಟ್ಟಿತು: ವಾಹನ ಹಳತಾಗುವವರೆಗೂ ಈ ಚಿಪ್ ದೊರಕುವುದೇ? ಮೆಮೊರಿಯನ್ನೂ ಗಡಿಯಾರದ ವೇಗವನ್ನೂ ಕೋಷ್ಟಕದಲ್ಲಿ ಹೋಲಿಸುವುದು ಸುಲಭ. ಹದಿನೈದು ವರ್ಷಗಳ ಪೂರೈಕೆಯ ಭರವಸೆಯನ್ನು ತೂಗಿನೋಡುವುದೇ ಆಯ್ಕೆಗಾರನ ನಿಜವಾದ ಪರೀಕ್ಷೆ.